ಬ್ರಿಡ್ಜ್ ಬದಲಿಸುವ ಮೊದಲು: ಎಲೆಕ್ಟ್ರಿಕ್ ಗಿಟಾರಿನ ಶ್ರುತಿ ಯಾಕೆ ನಿಲ್ಲುತ್ತಿಲ್ಲ?

ಕಳೆದ ತಿಂಗಳು ಚಿಕ್ಕಮ್ಮನ ಮಗ ಮಂಗಳೂರಿನಿಂದ ಫೋನ್ ಮಾಡಿದ. "ಅಣ್ಣಾ, ಹೊಸ ಬ್ರಿಡ್ಜ್ ಬಂತು. ಆದ್ರೆ ಸ್ಕ್ರೂ ತೂತೇ ಕೂರ್ತಾ ಇಲ್ಲ. ಸ್ವಲ್ಪ ದೊಡ್ಡದು ಮಾಡ್ಲಾ?" ಡ್ರಿಲ್ ಆಗಲೇ ಕೈಯಲ್ಲಿತ್ತು ಅಂತ ಕಾಣುತ್ತದೆ. ಮೊದಲು ಅದನ್ನು ಕೆಳಗಿಡು ಅಂದೆ. ಬ್ರಿಡ್ಜ್ ಅಂದರೆ ಗಿಟಾರಿನ ಒಡಲಿನ ಮೇಲೆ ತಂತಿಗಳು ಕೂರುವ ಲೋಹದ ಭಾಗ.

ಅವನದು ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್) ಮಾದರಿಯ ಗಿಟಾರ್, ಜಾಸ್ತಿ ದುಬಾರಿಯದ್ದಲ್ಲ. ಬ್ರಿಡ್ಜನ್ನು ವಾಲಿಸಿ ಸ್ವರ ಏರಿಳಿಸುವ ಟ್ರೆಮೊಲೊ ಕಡ್ಡಿ ಒತ್ತಿ ಬಿಟ್ಟರೆ ಶ್ರುತಿ ವಾಪಸ್ ಬರುವುದಿಲ್ಲ ಅನ್ನುವುದು ದೂರು. ಯಾರೋ ಹೇಳಿದರಂತೆ, ಈ ಹಳೇ ಡಿಸೈನ್ ಹೀಗೇನೆ, ಸುಧಾರಿಸಿದ ಬ್ರಿಡ್ಜ್ ಬಂದಿದೆ, ಅದನ್ನು ಹಾಕಿದರೆ ಎಲ್ಲಾ ಸರಿಹೋಗುತ್ತದೆ ಅಂತ. ಸರಿ, ಉಕ್ಕಿನ ಬ್ಲಾಕ್, ಹೊಳೆಯುವ ಸ್ಯಾಡಲ್ ಇರುವ ಒಂದನ್ನು ತರಿಸಿಬಿಟ್ಟ. ಅವನ ಗಿಟಾರಿನಲ್ಲಿ ಆರು ಸ್ಕ್ರೂಗಳ ಈ ತುದಿಯಿಂದ ಆ ತುದಿಗೆ 52.5 ಮಿಮೀ. ಬಂದಿದ್ದು ಅಮೆರಿಕದ ಹಳೆಯ ಅಳತೆಯದು, 56 ಮಿಮೀ. ಮೂರೂವರೆ ಮಿಮೀ ವ್ಯತ್ಯಾಸವನ್ನು ತೂತು ದೊಡ್ಡದು ಮಾಡಿ ಸರಿಮಾಡಲು ಆಗುವುದಿಲ್ಲ.

ಅವನ ಗಿಟಾರಿನ ಸಮಸ್ಯೆ ಬ್ರಿಡ್ಜಿನಲ್ಲಿ ಇರಲೇ ಇಲ್ಲ. ಅದು ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ. ಹೊಸ ಬ್ರಿಡ್ಜ್‌ಗಳು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೆಲವು ನಿಜಕ್ಕೂ ಹಳೆಯದಕ್ಕಿಂತ ಚೆನ್ನಾಗಿವೆ. ಆದರೆ ಒಂದೊಂದೂ ಒಂದೊಂದು ನಿರ್ದಿಷ್ಟ ದೋಷಕ್ಕೆ ಮಾಡಿದ್ದು. ನಿಮ್ಮ ಗಿಟಾರಿಗೆ ಆ ದೋಷ ಇಲ್ಲದಿದ್ದರೆ ದುಡ್ಡು ದಂಡ.

ಹೆಸರುಗಳ ಗೊಂದಲ ಬೇಡ. ವೀಣೆಯಲ್ಲಿ ಕುದುರೆ ಅಂತೀವಲ್ಲ, ಅದೇ ಇಲ್ಲಿ ಬ್ರಿಡ್ಜ್. ಅದರ ಮೇಲೆ ಒಂದೊಂದು ತಂತಿ ಕೂರುವ ಚಿಕ್ಕ ತುಂಡು ಸ್ಯಾಡಲ್. ಕತ್ತಿನ ಆ ತುದಿಯಲ್ಲಿ ತಂತಿಗಳು ಹಾದುಹೋಗುವ ಗೀರುಗಳಿರುವ ಬಿಳಿ ಪಟ್ಟಿ ನಟ್. ಬೋಲ್ಟ್‌ಗೆ ಹಾಕುವ ನಟ್ ಅಲ್ಲ. ಅದರಾಚೆ ತಂತಿ ಸುತ್ತುವ ಬಿರಡೆಗಳು, ಅಂದರೆ ಟ್ಯೂನಿಂಗ್ ಕೀಗಳು.

ಮೊದಲ ಪರೀಕ್ಷೆ: ಬ್ರಿಡ್ಜ್ ಅಲ್ಲಾಡದ ಹಾಗೆ ಮಾಡಿ

ಗಿಟಾರಿನ ಬೆನ್ನಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಒಳಗೆ ಸ್ಪ್ರಿಂಗುಗಳು, ಅವು ಸಿಕ್ಕಿಕೊಂಡಿರುವ ಲೋಹದ ಬ್ಲಾಕ್ ಕಾಣುತ್ತದೆ. ಬ್ಲಾಕಿಗೂ ಮರಕ್ಕೂ ನಡುವೆ ಎರಡೂ ಕಡೆ ಸರಿಯಾಗಿ ಕೂರುವ ಮರದ ತುಂಡು ಸಿಕ್ಕಿಸಿ. ಈಗ ಬ್ರಿಡ್ಜ್ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಶ್ರುತಿ ಮಾಡಿ, ಹತ್ತು ನಿಮಿಷ ನುಡಿಸಿ, ತಂತಿಗಳನ್ನು ಪಕ್ಕಕ್ಕೆ ಚೆನ್ನಾಗಿ ಎಳೆದು ಬೆಂಡ್ ಮಾಡಿ. ಆಗಲೂ ಶ್ರುತಿ ಹೋಯಿತಾ? ಹಾಗಾದರೆ ಟ್ರೆಮೊಲೊದ ತಪ್ಪಲ್ಲ. ನಟ್, ಬಿರಡೆ, ತಂತಿ, ಈ ಮೂರರಲ್ಲಿ ಹುಡುಕಿ.

ತಂತಿ ಹಳೆಯದಾಗಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ, ಮೊದಲು ಹೊಸದು ಹಾಕಿ. ಹಾಕಿದ ಮೇಲೆ ಪ್ರತಿ ತಂತಿಯನ್ನೂ ಕೈಯಿಂದ ಮೆಲ್ಲಗೆ ಎಳೆದು, ಮತ್ತೆ ಶ್ರುತಿ ಮಾಡಿ, ಮತ್ತೆ ಎಳೆದು, ಅದು ಇಳಿಯುವುದು ನಿಲ್ಲುವವರೆಗೂ ಮಾಡಿ. ಬಿರಡೆಗೆ ಎರಡು ಮೂರು ಸುತ್ತು ಸಾಕು. ಏಳೆಂಟು ಸುತ್ತು ಸುತ್ತಿ ಬಿಗಿಯಾಗಿದೆ ಅಂದುಕೊಳ್ಳುವವರಿದ್ದಾರೆ. ಆ ಸುತ್ತುಗಳೇ ಸಡಿಲವಾಗಿ ಕೂತು, ಕಡ್ಡಿ ಒತ್ತಿದಾಗಲೆಲ್ಲ ಜಾಗ ಬದಲಿಸುತ್ತವೆ.

ಎರಡನೇ ಪರೀಕ್ಷೆ: ಒಂದು ತಂತಿಯೋ, ಆರೂ ತಂತಿಯೋ?

ಇದು ನನಗೆ ಬಹಳ ಇಷ್ಟವಾದದ್ದು, ಯಾಕೆಂದರೆ ಶ್ರುತಿ ತೋರಿಸುವ ಒಂದು ಟ್ಯೂನರ್ ಬಿಟ್ಟು ಬೇರೇನೂ ಬೇಡ. ಮರದ ತುಂಡು ತೆಗೆದು ಶ್ರುತಿ ಮಾಡಿ. ಕಡ್ಡಿಯನ್ನು ಒಮ್ಮೆ ಕೆಳಗೆ ಒತ್ತಿ, ತಂತಿ ಸಡಿಲವಾಗುವಷ್ಟು, ಆಮೇಲೆ ಮೆಲ್ಲಗೆ ಬಿಡಿ. ಈಗ ಒಂದೊಂದೇ ತಂತಿ ಮೀಟಿ ಟ್ಯೂನರ್ ನೋಡಿ, ಬರೆದಿಟ್ಟುಕೊಳ್ಳಿ.

ಒಂದೆರಡು ತಂತಿ ಮಾತ್ರ ಏರಿವೆ, ಉಳಿದವು ಹೆಚ್ಚುಕಡಿಮೆ ಸರಿ ಇವೆ ಅಂದರೆ ನಟ್ ತಂತಿಯನ್ನು ಹಿಡಿದುಕೊಳ್ಳುತ್ತಿದೆ. ಯಾಕೆ ಏರುತ್ತದೆ? ಕಡ್ಡಿ ಒತ್ತಿದಾಗ ತಂತಿ ಸಡಿಲವಾಗಿ, ಬಿರಡೆಯ ಕಡೆ ಇರುವ ಬಿಗಿ ಅದನ್ನು ಸ್ವಲ್ಪ ಆ ಕಡೆ ಎಳೆದುಕೊಳ್ಳುತ್ತದೆ. ಬಿಟ್ಟಾಗ ಅಷ್ಟೂ ವಾಪಸ್ ಬರಬೇಕು. ಗೀರು ಕಿರಿದಾಗಿದ್ದರೆ ಬರುವುದಿಲ್ಲ, ಅಲ್ಲೇ ಸಿಕ್ಕಿಕೊಳ್ಳುತ್ತದೆ. ಈ ಕಡೆ ತಂತಿ ಕಡಿಮೆಯಾಯಿತು, ಬಿಗಿ ಜಾಸ್ತಿಯಾಯಿತು. ಖಾತ್ರಿ ಮಾಡಿಕೊಳ್ಳಲು ಅದೇ ತಂತಿಯನ್ನು ಒಮ್ಮೆ ಜೋರಾಗಿ ಬೆಂಡ್ ಮಾಡಿ ಬಿಡಿ. ಏರಿದ್ದ ಶ್ರುತಿ ಸರಿಯಾದ ಜಾಗಕ್ಕೆ ಬಂದರೆ, ಅಥವಾ ಅದಕ್ಕಿಂತಲೂ ಕೆಳಗೆ ಇಳಿದರೆ, ಇನ್ನು ಅನುಮಾನ ಬೇಡ. ಟ್ಯೂನ್ ಮಾಡುವಾಗ ನಟ್ ಹತ್ತಿರ "ಟಿಂಗ್" ಅಂತ ಚಿಕ್ಕ ಸದ್ದು ಬಂದು ಶ್ರುತಿ ಹಾರಿದರೆ ಅದೂ ಇದೇ ಕಾಯಿಲೆ.

ಆರೂ ತಂತಿ ಒಟ್ಟಿಗೆ ಇಳಿದಿವೆ, ಆಮೇಲೆ ಕಡ್ಡಿಯನ್ನು ಮೇಲಕ್ಕೆ ಎಳೆದು ಬಿಟ್ಟರೆ ಆರೂ ಒಟ್ಟಿಗೆ ಏರುತ್ತವೆ ಅಂದರೆ, ಆಗ ಮಾತ್ರ ಬ್ರಿಡ್ಜ್ ಕಡೆ ಬೆರಳು ತೋರಿಸಬಹುದು. ಅದು ತಿರುಗುವ ಜಾಗದಲ್ಲಿ ಸಿಕ್ಕಿಕೊಂಡು, ತನ್ನ ಮೂಲ ಜಾಗಕ್ಕೆ ಬರುತ್ತಿಲ್ಲ ಅಂತ ಅರ್ಥ.

ಚಿಕ್ಕಮ್ಮನ ಮಗನ ಗಿಟಾರಿನಲ್ಲಿ ಜಿ ತಂತಿ (ತೆಳು ಕಡೆಯಿಂದ ಮೂರನೆಯದು) ಚೆನ್ನಾಗಿ ಏರಿತ್ತು, ಬಿ (ಎರಡನೆಯದು) ಸ್ವಲ್ಪ ಏರಿತ್ತು, ಉಳಿದ ನಾಲ್ಕು ಸುಮ್ನೆ ಇದ್ದವು. ವಿಡಿಯೋ ಕಾಲ್‌ನಲ್ಲೇ ಆ "ಟಿಂಗ್" ಕೇಳಿಸಿತು. ತಂತಿಯನ್ನು ಗೀರಿನಿಂದ ಎತ್ತಿ, ಶಾಲೆ ಪೆನ್ಸಿಲನ್ನು ಚೂಪು ಮಾಡಿ ಗೀರಿನೊಳಗೆ ಉಜ್ಜು ಅಂದೆ. ಪೆನ್ಸಿಲಿನ ಗ್ರಾಫೈಟ್ ಒಳ್ಳೆಯ ಜಾರುಪುಡಿ. ಅರ್ಧ ವಾಸಿಯಾಯಿತು. ಉಳಿದರ್ಧಕ್ಕೆ ಗೀರನ್ನು ಒಂದು ಕೂದಲಷ್ಟು ಅಗಲ ಮಾಡಬೇಕಾಯಿತು, ಅದನ್ನು ಅಲ್ಲೇ ಗಿಟಾರ್ ರಿಪೇರಿ ಮಾಡುವವರ ಹತ್ತಿರ ಮಾಡಿಸಿದ. ಅಂದಹಾಗೆ ತೆಂಗಿನೆಣ್ಣೆ ಹಾಕಬೇಡಿ. ನಮ್ಮ ಕಡೆ ಎಲ್ಲಕ್ಕೂ ಅದೇ ಮದ್ದು, ಗೊತ್ತು. ನಟ್‌ನಲ್ಲಿ ಅದು ಧೂಳು ಹಿಡಿದು ಜಿಡ್ಡುಗಟ್ಟುತ್ತದೆ.

ಇನ್ನೊಂದು ವಿಷಯ. ಹಿಂಭಾಗ ಮರಕ್ಕೆ ತಾಗದೆ ತೇಲುವ ಹಾಗೆ ಇಟ್ಟ ಬ್ರಿಡ್ಜಿನಲ್ಲಿ ಒಂದು ತಂತಿ ಬೆಂಡ್ ಮಾಡಿದರೆ ಉಳಿದವು ಸ್ವಲ್ಪ ಇಳಿಯುತ್ತವೆ, ಒಂದು ತಂತಿ ಕಿತ್ತುಹೋದರೆ ಉಳಿದವೆಲ್ಲ ಏರುತ್ತವೆ. ಇದು ದೋಷ ಅಲ್ಲ. ಒಂದು ಕಡೆ ತಂತಿಗಳು, ಇನ್ನೊಂದು ಕಡೆ ಸ್ಪ್ರಿಂಗ್, ತಕ್ಕಡಿಯ ಹಾಗೆ. 10-46 ಸೆಟ್ (ಅತಿ ತೆಳುವಿನದು 0.010 ಇಂಚು, ಅತಿ ದಪ್ಪದ್ದು 0.046 ಇಂಚು) ತಂತಿಗಳನ್ನು ಮಾಮೂಲಿ ಶ್ರುತಿಗೆ ತಂದಾಗ ಒಟ್ಟು ಎಳೆತ ಸುಮಾರು 46 ಕೆಜಿ. ಹೆಚ್ಚುಕಡಿಮೆ ಒಂದು ಸಿಮೆಂಟ್ ಮೂಟೆಯ ತೂಕ. ಅದನ್ನು ಸ್ಪ್ರಿಂಗುಗಳು ಹಿಡಿದು ನಿಲ್ಲಿಸಿವೆ. ಒಂದು ಕಡೆ ಕೈ ಹಾಕಿದರೆ ಇನ್ನೊಂದು ಕಡೆ ಅಲ್ಲಾಡದೆ ಇರುತ್ತದಾ?

ತಪ್ಪು ಬ್ರಿಡ್ಜಿನದೇ ಅಂತಾದರೆ

ಆರು ಸ್ಕ್ರೂಗಳ ಟ್ರೆಮೊಲೊ ಬಂದಿದ್ದು 1954ರಲ್ಲಿ, ಫೆಂಡರ್ ಸ್ಟ್ರಾಟೊಕಾಸ್ಟರ್ ಜೊತೆ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ, ಆಮೇಲೆ ಈ ಕಂಪನಿ ಕಟ್ಟಿದ ಲಿಯೋ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಈ ಕಡ್ಡಿ ಏರಿಳಿಸುವುದು ಶ್ರುತಿಯನ್ನು, ಸದ್ದಿನ ಜೋರನ್ನಲ್ಲ, ಹಾಗಾಗಿ ವೈಬ್ರಾಟೊ ಅನ್ನಬೇಕಿತ್ತು. ಅವರು ಟ್ರೆಮೊಲೊ ಅಂತ ಕರೆದರು, ಎಪ್ಪತ್ತು ವರ್ಷ ದಾಟಿದರೂ ಎಲ್ಲರೂ ಹಾಗೇ ಕರೆಯುತ್ತಿದ್ದೇವೆ. ಡಿಸೈನ್ ಮಾತ್ರ ಜಾಣತನದ್ದು. ಬ್ರಿಡ್ಜ್, ಸ್ಯಾಡಲ್, ತಂತಿಯ ಬುಡ ಎಲ್ಲಾ ಒಟ್ಟಿಗೇ ವಾಲುತ್ತವೆ, ಆದ್ದರಿಂದ ಸ್ಯಾಡಲ್ ಮೇಲೆ ತಂತಿ ಉಜ್ಜುವುದು ಕಡಿಮೆ.

ಅದರ ಬಲಹೀನ ಜಾಗ ಆ ಆರು ಸ್ಕ್ರೂಗಳೇ. ಆರನ್ನೂ ಗಟ್ಟಿಯಾಗಿ ಬಿಗಿದುಬಿಟ್ಟರೆ ಬ್ರಿಡ್ಜಿನ ತಟ್ಟೆ ಆರು ಕಡೆ ಉಜ್ಜುತ್ತದೆ, ಯಾವ ಕಡೆಗೆ ವಾಪಸ್ ಬರಬೇಕು ಅಂತ ಅದಕ್ಕೇ ತಿಳಿಯುವುದಿಲ್ಲ. ಆರೂ ತಂತಿ ಒಟ್ಟಿಗೆ ಇಳಿಯುತ್ತಿದ್ದರೆ ಮೊದಲು ಹೀಗೆ ಮಾಡಿ. ತಂತಿ ಸಡಿಲಿಸಿ. ನಡುವಿನ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ, ತಲೆ ತಟ್ಟೆಗಿಂತ ಸುಮಾರು ಒಂದೂವರೆ ಮಿಮೀ ಮೇಲಿರುವ ಹಾಗೆ ಬಿಡಿ. ತುದಿಯ ಎರಡು ಮಾತ್ರ ತಟ್ಟೆಗೆ ತಾಗುವಷ್ಟು ಇರಲಿ, ಒತ್ತುವಷ್ಟು ಬೇಡ. ಈಗ ಎರಡೇ ಕಡೆ ತಿರುಗುತ್ತದೆ. ಒಂದು ಪೈಸೆ ಖರ್ಚಿಲ್ಲದೆ ನೀವು ಆಗಲೇ ಎರಡು ಬಿಂದುವಿನ ಟ್ರೆಮೊಲೊ ಮಾಡಿಕೊಂಡಿರಿ ಅನ್ನಬಹುದು.

ಆಮೇಲೆ ತೇಲುವ ಎತ್ತರ. ಬ್ರಿಡ್ಜಿನ ಹಿಂಭಾಗ ಮರದಿಂದ 3 ಮಿಮೀ ಮೇಲಿದ್ದರೆ ಸಾಕು. ಅಳೆಯಲು ನನ್ನ ಉಪಾಯ ಇದು: ಅವಧಿ ಮುಗಿದ ನಾಲ್ಕು ಎಟಿಎಂ ಕಾರ್ಡು. ಒಂದೊಂದೂ 0.76 ಮಿಮೀ ದಪ್ಪ, ನಾಲ್ಕು ಸೇರಿಸಿದರೆ ಸರಿಯಾಗಿ 3 ಮಿಮೀ. ಕಾರ್ಡುಗಳನ್ನು ತಟ್ಟೆಯ ಹಿಂಭಾಗದ ಕೆಳಗೆ ತುರುಕಿ, ಶ್ರುತಿ ಮಾಡಿ, ಬೆನ್ನಿನ ಕಡೆ ಸ್ಪ್ರಿಂಗ್ ಕೊಕ್ಕೆಯ ಎರಡು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಹೋಗಿ. ಕಾರ್ಡುಗಳು ತಾವಾಗಿ ಸಡಿಲವಾಗಿ ಜಾರುವ ಕ್ಷಣದಲ್ಲಿ ನಿಲ್ಲಿಸಿ. ಸುಮ್ನೆ ಅಂದಾಜಿನಲ್ಲಿ ತಿರುಗಿಸುತ್ತಾ ಕೂತರೆ ಒಂದು ಸಂಜೆಯೇ ಹೋಗುತ್ತದೆ, ಯಾಕೆಂದರೆ ಒಂದು ತಂತಿ ಸರಿಮಾಡಿದರೆ ಐದು ಕೆಡುತ್ತವೆ.

ಇಷ್ಟೆಲ್ಲಾ ಮಾಡಿದ ಮೇಲೂ ಆರೂ ಇಳಿಯುತ್ತಿದ್ದರೆ ಬ್ರಿಡ್ಜನ್ನು ಬಿಚ್ಚಿ ತಟ್ಟೆಯ ತೂತುಗಳ ಅಂಚು ನೋಡಿ. ಅಂಚು ಸವೆದು ಹಳ್ಳ ಬಿದ್ದಿದೆಯಾ, ಸ್ಕ್ರೂ ಮರದಲ್ಲಿ ಅಲ್ಲಾಡುತ್ತಿದೆಯಾ? ಹಾಗಿದ್ದರೆ ಸರಿ, ಹೊಸದು ತೆಗೆದುಕೊಳ್ಳಲು ಕಾರಣ ಇದೆ.

ಫೆಂಡರ್ ಕಂಪನಿಯೇ 1980ರ ದಶಕದ ಕೊನೆಯಲ್ಲಿ ಅಮೆರಿಕನ್ ಸ್ಟ್ಯಾಂಡರ್ಡ್ ಸ್ಟ್ರಾಟ್‌ಗೆ ಎರಡು ಕಂಬದ ಬ್ರಿಡ್ಜ್ ತಂದಿತು. ತಟ್ಟೆಯ ಅಂಚು ಚಾಕುವಿನ ಬಾಯಿಯ ಹಾಗೆ ಚೂಪು, ಅದು ಎರಡು ಕಂಬಗಳ ಗೀರಿನಲ್ಲಿ ಕೂರುತ್ತದೆ. ಉಜ್ಜುವ ಜಾಗ ಕಡಿಮೆ, ವಾಪಸ್ ಬರುವುದು ಚೊಕ್ಕ. ಕಡ್ಡಿಯನ್ನು ದಿನಾ ಬಳಸುವವರಿಗೆ ಇದು ಖಂಡಿತ ಉತ್ತಮ ಅಂತ ನನ್ನ ಅಭಿಪ್ರಾಯ. ಆದರೆ ಇದಕ್ಕೂ ಅದರದೇ ಕಾಯಿಲೆ ಇದೆ. ತಂತಿ ಬಿಗಿಯಾಗಿರುವಾಗಲೇ ಎತ್ತರ ಬದಲಿಸಲು ಕಂಬ ತಿರುಗಿಸಿದರೆ ಆ ಚೂಪು ಅಂಚು ಕೊರೆದುಹೋಗುತ್ತದೆ. ಮೊದಲು ತಂತಿ ಸಡಿಲಿಸಿ, ಆಮೇಲೆ ತಿರುಗಿಸಿ. ಎರಡು ಕಂಬದ ಬ್ರಿಡ್ಜ್ ಶ್ರುತಿ ಕಳೆದುಕೊಳ್ಳುತ್ತಿದ್ದರೆ ನಾನು ಭೂತಗನ್ನಡಿ ಹಿಡಿದು ಮೊದಲು ನೋಡುವುದು ಆ ಅಂಚನ್ನೇ.

ಫ್ಲಾಯ್ಡ್ ರೋಸ್ ಅನ್ನುವ ಟ್ರೆಮೊಲೊ ಇನ್ನೂ ಮುಂದಕ್ಕೆ ಹೋಯಿತು. ಪೇಟೆಂಟ್ 1979ರದ್ದು. ತಂತಿಯನ್ನು ನಟ್‌ನಲ್ಲೂ ಸ್ಯಾಡಲ್‌ನಲ್ಲೂ ಅಪ್ಪಚ್ಚಿ ಮಾಡಿ ಹಿಡಿದುಬಿಡುತ್ತದೆ, ಜಾರುವ ಪ್ರಶ್ನೆಯೇ ಇಲ್ಲ. ನಟ್‌ನ ಕಾಯಿಲೆಗೆ ಇದಕ್ಕಿಂತ ಪೂರ್ತಿ ಮದ್ದು ಇನ್ನೊಂದಿಲ್ಲ. ಆದರೆ ತಂತಿ ಬದಲಿಸಲು ಬುಡದ ಗುಂಡು ಕತ್ತರಿಸಬೇಕು, ಆರು ಮೂಲೆಯ ಅಲೆನ್ ಕೀ ಹುಡುಕಬೇಕು, ಕಾರ್ಯಕ್ರಮದ ಮಧ್ಯೆ ಒಂದು ತಂತಿ ಕಿತ್ತರೆ ಕಥೆ ಮುಗಿಯಿತು. ತಿಂಗಳಿಗೊಮ್ಮೆ ಕಡ್ಡಿ ಮುಟ್ಟುವವರು ಇದನ್ನು ಕೂರಿಸಲು ಗಿಟಾರಿನ ಮರ ಕೊರೆಸುವುದು ನನಗೆ ಒಪ್ಪಿಗೆಯಿಲ್ಲ.

ಶ್ರುತಿ ನಿಲ್ಲುತ್ತದೆ, ಆದರೆ ಮೇಲೆ ಹೋದಂತೆ ಅಪಸ್ವರ

ಇದು ಬೇರೆ ದೂರು. ಬಿಡಿ ತಂತಿ ಸರಿಯಾಗಿದೆ, 12ನೇ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ, ವೀಣೆಯ ಮೆಟ್ಟಿಲಿನ ಹಾಗೆ) ಒತ್ತಿದರೆ ಹೊಂದುವುದಿಲ್ಲ. 12ನೇ ಫ್ರೆಟ್ ಮೇಲೆ ಒತ್ತದೆ ಬರೀ ಬೆರಳು ತಾಗಿಸಿ ಮೀಟಿ, ಗಂಟೆಯಂಥ ಹಾರ್ಮೋನಿಕ್ ಸ್ವರ ಬರಿಸಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಒತ್ತಿದ ಸ್ವರ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಅಂದರೆ ಕತ್ತಿನಿಂದ ದೂರ ಸರಿಸಿ, ಇಳಿದಿದ್ದರೆ ಮುಂದಕ್ಕೆ. ಸ್ಟ್ರಾಟ್‌ನಲ್ಲಿ ಆರು ತಂತಿಗೆ ಆರು ಸ್ಯಾಡಲ್, ಕೆಲಸ ಸುಲಭ.

ಫೆಂಡರ್‌ನದೇ ಹಳೇ ಟೆಲಿಕಾಸ್ಟರ್ ಗಿಟಾರಿನಲ್ಲಿ ಮೂರೇ ಸ್ಯಾಡಲ್, ಒಂದೊಂದರ ಮೇಲೆ ಎರಡೆರಡು ತಂತಿ. ಒಂದನ್ನು ಸರಿಮಾಡಿದರೆ ಜೋಡಿಯದು ಕೆಡುತ್ತದೆ. ಆ ಕಾಲದಲ್ಲಿ ಜಿ ತಂತಿಯೂ ದಪ್ಪ, ಸುತ್ತು ಹಾಕಿದ್ದು ಇರುತ್ತಿತ್ತು, ಆದ್ದರಿಂದ ಡಿ ಮತ್ತು ಜಿ ಒಂದೇ ಸ್ಯಾಡಲಿನಲ್ಲಿ ಹೇಗೋ ಹೊಂದಿಕೊಳ್ಳುತ್ತಿದ್ದವು. ಈಗಿನ ಸೆಟ್‌ನಲ್ಲಿ ಜಿ ಬರಿ ತಂತಿ, ಅದಕ್ಕೆ ಬೇರೆಯೇ ಉದ್ದ ಬೇಕು. ಅಂದರೆ ಬ್ರಿಡ್ಜ್ ಕೆಟ್ಟಿದ್ದಲ್ಲ, ಕಾಲಕ್ಕೆ ತಂತಿ ಬದಲಾಯಿತು. ಇಲ್ಲಿ ಹೊಸ ಡಿಸೈನ್ ಗೆಲ್ಲುತ್ತದೆ, ಅದೂ ಅಗ್ಗದಲ್ಲಿ. ಓರೆಯಾಗಿ ಕೊರೆದ ಹಿತ್ತಾಳೆ ಸ್ಯಾಡಲ್ ಮೂರು ತಂದು ಹಾಕಿದರೆ ಒಂದೇ ಸ್ಯಾಡಲಿನಲ್ಲಿ ಎರಡು ತಂತಿಗೂ ಬೇರೆ ಬೇರೆ ಉದ್ದ ಸಿಗುತ್ತದೆ, ತಟ್ಟೆ ಬದಲಿಸುವುದೇ ಬೇಡ. ಎಲ್ಲಾ ಮರುವಿನ್ಯಾಸಗಳಲ್ಲಿ ನನಗೆ ಇದು ಅತ್ಯಂತ ಮರ್ಯಾದಸ್ಥ ಅನಿಸುತ್ತದೆ.

ಝುಂಯ್ ಅನ್ನುವ ಸದ್ದು

ತಂಬೂರಿಯಲ್ಲಿ ಕುದುರೆ ಮೇಲೆ ತಂತಿಯ ಕೆಳಗೆ ಒಂದು ನೂಲು ಇಡುತ್ತಾರಲ್ಲ, ಜೀವಾಳ. ಅಗಲವಾದ ಮೇಲ್ಮೈಗೆ ತಂತಿ ಮೆಲ್ಲಗೆ ತಾಗಿ ತಾಗಿ ಆ ಝೇಂಕಾರ ಬರುತ್ತದೆ. ತಂಬೂರಿಗೆ ಅದು ಪ್ರಾಣ. ಗಿಟಾರಿಗೆ ಅದೇ ರೋಗ. ಸ್ಯಾಡಲಿನ ಅಥವಾ ನಟ್‌ನ ಗೀರು ಸವೆದು ಚಪ್ಪಟೆಯಾದರೆ ತಂತಿ ಮೀಟಿದಾಗ ಸಿತಾರಿನ ಹಾಗೆ ಝುಂಯ್ ಅನ್ನುತ್ತದೆ. ಗುರುತಿಸುವುದು ಸುಲಭ: ಮೊದಲು ಬಿಡಿ ತಂತಿ ಮೀಟಿ, ಆಮೇಲೆ ಒಂದೊಂದು ಫ್ರೆಟ್ ಒತ್ತುತ್ತಾ ಹೋಗಿ. ಬಿಡಿ ತಂತಿಯಲ್ಲಿ ಮಾತ್ರ ಇದ್ದರೆ ನಟ್. ಎಲ್ಲಾ ಫ್ರೆಟ್‌ನಲ್ಲೂ ಇದ್ದರೆ ಸ್ಯಾಡಲ್. ಕೆಲವೇ ಫ್ರೆಟ್‌ಗಳಲ್ಲಿ ಇದ್ದರೆ ಫ್ರೆಟ್ ಅಥವಾ ಕತ್ತು, ಬ್ರಿಡ್ಜ್ ಬಿಟ್ಟುಬಿಡಿ.

ಗಿಬ್ಸನ್ ಮಾದರಿಯ ಗಿಟಾರುಗಳ ಟ್ಯೂನ್-ಒ-ಮ್ಯಾಟಿಕ್ ಬ್ರಿಡ್ಜಿನಲ್ಲಿ ಇನ್ನೊಂದು ತಮಾಷೆ. ಹಳೆಯದಾದಂತೆ ನಡು ಕುಸಿಯುತ್ತದೆ. ಬಿಚ್ಚಿ, ತಳವನ್ನು ಉಕ್ಕಿನ ಸ್ಕೇಲ್ ಮೇಲಿಡಿ. ತೊಟ್ಟಿಲಿನ ಹಾಗೆ ಆಡಿದರೆ ಬಗ್ಗಿದೆ ಅಂತ, ಬದಲಿಸಿ. ಅದಕ್ಕೆ ಹೊಸ ವಿನ್ಯಾಸವೇ ಬೇಕಿಲ್ಲ, ಅದೇ ಅಳತೆಯ ಗಟ್ಟಿ ಲೋಹದ್ದು ಸಾಕು. ಇದರ ಹಳೇ ಮಾದರಿ ಎಬಿಆರ್-1 ಕಿರಿದು, 70ರ ದಶಕದಲ್ಲಿ ಬಂದ ನ್ಯಾಶ್‌ವಿಲ್ ಅಗಲ. ಸ್ಯಾಡಲ್ ಸರಿಸಲು ಜಾಗ ಸಾಲುತ್ತಿಲ್ಲ ಅನ್ನುವ ದೂರಿದ್ದರೆ ಮಾತ್ರ ಆ ಅಗಲದಿಂದ ಲಾಭ.

ಜಾಝ್‌ಮಾಸ್ಟರ್ ಇದ್ದವರಿಗೆ ಬೇರೆ ಕಾನೂನು

ಹಳೇ ಡಿಸೈನಿನ ಪರವಾಗಿ ಇಷ್ಟು ಹೊತ್ತು ವಾದಿಸಿದೆ, ಇಲ್ಲಿ ಮಾತ್ರ ಸೋಲೊಪ್ಪುತ್ತೇನೆ. ಫೆಂಡರ್‌ನ 1958ರ ಜಾಝ್‌ಮಾಸ್ಟರ್ ಗಿಟಾರಿನ ಬ್ರಿಡ್ಜ್ ದಪ್ಪ ಫ್ಲ್ಯಾಟ್‌ವೂಂಡ್ (ಚಪ್ಪಟೆ ಸುತ್ತಿನ ನುಣುಪು) ತಂತಿ ಹಾಕಿ ಜಾಝ್ ನುಡಿಸುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಸ್ಯಾಡಲ್ ಮೇಲೆ ತಿರುಪಿನ ಹಾಗೆ ಸಣ್ಣ ಸಣ್ಣ ಗೀರುಗಳು, ತಂತಿ ಯಾವುದರಲ್ಲಿ ಬೇಕಾದರೂ ಕೂರಬಹುದು. ಈಗ 10ರ ತೆಳು ತಂತಿ ಹಾಕಿ ಜೋರಾಗಿ ಬಾರಿಸಿದರೆ ಅದು ಒಂದು ಗೀರಿನಿಂದ ಇನ್ನೊಂದಕ್ಕೆ ಹಾರುತ್ತದೆ. ಸಾಲದ್ದಕ್ಕೆ ಎತ್ತರ ಹೊಂದಿಸುವ ಸ್ಕ್ರೂಗಳು ಅದುರಿ ಅದುರಿ ತಾವೇ ಕೆಳಗಿಳಿಯುತ್ತವೆ.

ಮೊದಲು 11ರ ತಂತಿ ಹಾಕಿ ನೋಡಿ. ಕತ್ತಿನ ಬುಡದಲ್ಲಿ ತೆಳು ಪಟ್ಟಿ ಕೊಟ್ಟು ಬ್ರಿಡ್ಜ್ ಎತ್ತರಿಸಿದರೆ ತಂತಿ ಒತ್ತುವುದು ಜಾಸ್ತಿಯಾಗುತ್ತದೆ. ಸ್ಕ್ರೂ ಇಳಿಯದ ಹಾಗೆ ಮಾಡಲು ಒಂದು ತೊಟ್ಟು ನೇಲ್ ಪಾಲಿಶ್ ಸಾಕು. ಇದಾದ ಮೇಲೂ ಹಾರಿದರೆ ಮರುವಿನ್ಯಾಸ ತೆಗೆದುಕೊಳ್ಳಿ, ಯೋಚನೆ ಬೇಡ. ಸ್ಯಾಡಲಿಗೆ ಒಂದೇ ಗೀರಿರುವ ಫೆಂಡರ್ ಮಸ್ಟ್ಯಾಂಗ್ ಗಿಟಾರಿನ ಬ್ರಿಡ್ಜ್ ಅಗ್ಗದ ದಾರಿ. ಮಾಸ್ಟರಿ ಬ್ರಿಡ್ಜ್‌ನಲ್ಲಿ ಎರಡೇ ಸ್ಯಾಡಲ್, ಒಂದೊಂದರಲ್ಲಿ ಮೂರು ತಂತಿ, ಅಲ್ಲಾಡುವ ಭಾಗ ಕಡಿಮೆ ಆದ್ದರಿಂದ ಗಲಾಟೆಯೂ ಕಡಿಮೆ. ದುಬಾರಿ, ಆದರೆ ಹೇಳಿದ ಕೆಲಸ ಮಾಡುತ್ತದೆ.

"ನಾದ ಜಾಸ್ತಿ ಹೊತ್ತು ನಿಲ್ಲುತ್ತದೆ, ಟೋನ್ ತುಂಬಿಕೊಳ್ಳುತ್ತದೆ" ಅನ್ನುವ ಜಾಹೀರಾತು ನೋಡಿ ಮಾತ್ರ ತೆಗೆದುಕೊಳ್ಳಬೇಡಿ. ಅಗ್ಗದ ಗಿಟಾರಿನ ತೆಳು ಸತುವಿನ ಬ್ಲಾಕ್ ತೆಗೆದು ಉಕ್ಕಿನದು ಹಾಕಿದರೆ ನನಗೆ ವ್ಯತ್ಯಾಸ ಕೇಳಿಸಿದೆ, ಆದರೆ ಅದೇ ದಿನ ಹೊಸ ತಂತಿಯನ್ನೂ ಹಾಕಿದ್ದೆ, ಹಾಗಾಗಿ ನನ್ನ ಕಿವಿಯನ್ನು ನಾನೇ ನಂಬುವುದಿಲ್ಲ.

ಕರಾವಳಿಯವರಿಗೆ ಒಂದು ಮಾತು. ಉಪ್ಪುಗಾಳಿ, ಬೆವರು, ಜೂನ್‌ನಿಂದ ಹಿಡಿದ ಮಳೆ, ಇವು ಸ್ಯಾಡಲಿನ ಎತ್ತರದ ಸ್ಕ್ರೂಗಳನ್ನು ಮೊದಲು ತಿನ್ನುತ್ತವೆ. ತುಕ್ಕು ಹಿಡಿದ ಸ್ಕ್ರೂ ತಿರುಗದಿದ್ದರೆ ಜೋರು ಮಾಡಬೇಡಿ. ತುಕ್ಕು ಬಿಡಿಸುವ ಎಣ್ಣೆಯನ್ನು ಸೂಜಿಯ ತುದಿಯಿಂದ ಒಂದು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಅಲೆನ್ ಕೀ ಅಳತೆಯನ್ನೂ ನೋಡಿಕೊಳ್ಳಿ. ಅಮೆರಿಕದಲ್ಲಿ ಮಾಡಿದ ಫೆಂಡರ್‌ಗಳಲ್ಲಿ ಅದು ಇಂಚಿನ ಲೆಕ್ಕ, 0.050 ಇಂಚು, ಅಂದರೆ 1.27 ಮಿಮೀ. ಏಷ್ಯಾದಲ್ಲಿ ಮಾಡಿದವುಗಳಲ್ಲಿ ಸಾಮಾನ್ಯವಾಗಿ 1.5 ಮಿಮೀ. ಚಿಕ್ಕ ಕೀ ಹಾಕಿ ತಿರುಗಿಸಿದರೆ ಸ್ಕ್ರೂವಿನ ಒಳಮೂಲೆಗಳು ಉರುಟಾಗುತ್ತವೆ, ಆಮೇಲೆ ಅದು ಯಾವ ಕೀಗೂ ಸಿಗುವುದಿಲ್ಲ.

ಚಿಕ್ಕಮ್ಮನ ಮಗ ಆ 56 ಮಿಮೀ ಬ್ರಿಡ್ಜನ್ನು ವಾಪಸ್ ಕಳಿಸಲು ಹೋದ, ದಿನ ಮೀರಿತ್ತು. ಅದರ ಉಕ್ಕಿನ ಬ್ಲಾಕ್ ಈಗ ಚಿಕ್ಕಮ್ಮನ ಮನೆಯಲ್ಲಿ ಕರೆಂಟ್ ಬಿಲ್ಲುಗಳ ಮೇಲೆ ಕೂತಿದೆ. ಫ್ಯಾನ್ ಗಾಳಿಗೆ ಒಂದು ಕಾಗದವೂ ಹಾರುವುದಿಲ್ಲವಂತೆ.